ಜೊತೆಗಿರಿ, ಜಾಮೀನು ನಿಲ್ಲಬೇಡಿ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವಳು. ವಯಸ್ಸು 43, ಶಾಲೆಯಲ್ಲಿ ಕನ್ನಡ ಟೀಚರ್. ಹದಿನಾಲ್ಕು ವರ್ಷ, ಒಂದೇ ಸಂಶಯ, ಒಂದೇ ಕೆಲಸ ಮತ್ತೆ ಮತ್ತೆ ಕಾಡುವ ಗೀಳು ಕಾಯಿಲೆಯಿಂದ (ಒಸಿಡಿ) ನರಳಿ, ಮಂಗಳೂರಿನಲ್ಲಿ ಚಿಕಿತ್ಸೆ ಪಡೆದು, ಈಗ ಆರು ವರ್ಷಗಳಿಂದ ಹೆಚ್ಚುಕಡಿಮೆ ಆರಾಮವಾಗಿದ್ದೇನೆ. ದಿನಕ್ಕೊಂದು ಮಾತ್ರೆ ಇದೆ. ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತೊಳೆದು ತೊಳೆದು ಸುಲಿದ ಕೈಗಳನ್ನು ಅಂಗಿಯ ತೋಳಿನಲ್ಲಿ ಮುಚ್ಚಿಕೊಂಡು ಬಂದಾಗ ಮೊದಲ ಸಲ ನನ್ನ ಕಥೆಯನ್ನು ಹೊರಗಿನವರಿಗೆ ಹೇಳಿದೆ. ಹಾಗೆ ಶುರುವಾದದ್ದು ಈಗ ಐವರ ಕೂಟ. ತಿಂಗಳಿಗೆ ಎರಡು ಭಾನುವಾರ ನಮ್ಮ ಜಗಲಿಯಲ್ಲಿ ಸೇರುತ್ತೇವೆ. ಮೊದಲೆರಡು ತಿಂಗಳು ಎಲ್ಲರಿಗೂ ಎದೆಯ ಭಾರ ಇಳಿದಂತಾಯಿತು. ಈಗ ಭಯವಾಗುತ್ತಿದೆ. ಒಬ್ಬಾಕೆ ದಿನಕ್ಕೆ ಏಳೆಂಟು ಸಲ ಫೋನ್ ಮಾಡಿ "ಟೀಚರೇ, ಗ್ಯಾಸ್ ಬಂದ್ ಮಾಡಿದ್ದೇನೆ ಅಲ್ಲವೇ?" ಎಂದು ಕೇಳುತ್ತಾಳೆ. ಅವಳ ಅಡುಗೆಮನೆಯನ್ನು ನಾನು ಕಂಡೇ ಇಲ್ಲ, ಆದರೂ "ಹೌದು, ಮಾಡಿದ್ದೀ" ಎನ್ನುತ್ತೇನೆ. ಇನ್ನೊಬ್ಬಾಕೆಗೆ ನಮಾಜಿಗೆ ಮೊದಲಿನ ಅಂಗಶುದ್ಧಿ ಮುಗಿಯುವುದೇ ಇಲ್ಲ. "ಅಲ್ಲಿಗೆ ಹೋಗಿ ಹೊಸ ಹೊಸ ಹೆದರಿಕೆ ಕಲಿತು ಬರುತ್ತಾಳೆ" ಎಂದು ಅವಳ ಮನೆಯವರ ದೂರು. ಆ ಹುಡುಗ "ಟೀಚರಿಗೆ ಒಂದು ಮಾತ್ರೆ, ನನಗೆ ನಾಲ್ಕು ಯಾಕೆ?" ಎಂದು ಹತ್ತು ದಿನಗಳಿಂದ ತಾನಾಗಿಯೇ ಔಷಧ ಬಿಟ್ಟಿದ್ದಾನೆ. ಕಳೆದ ಸಲ ಹೊಸದಾಗಿ ಬಂದ ಬಾಣಂತಿಯೊಬ್ಬಳು, ಮಗುವನ್ನು ಬಾವಿಗೆ ಎಸೆದುಬಿಡುತ್ತೇನೋ ಎಂಬ ಆಲೋಚನೆ ಬರುತ್ತದೆ ಎಂದು ಹೇಳಿ ಅತ್ತಳು. ನಮಗೆ ಯಾರಿಗೂ ಮಾತು ಹೊರಡಲಿಲ್ಲ. ನಮ್ಮ ಯಜಮಾನರು "ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗೆ ಇದು, ನಿಲ್ಲಿಸು" ಎನ್ನುತ್ತಾರೆ. ನಿಲ್ಲಿಸಬೇಕೇ?

ಉತ್ತರ: ಟೀಚರೇ, ನಿಮ್ಮ ಪತ್ರದಲ್ಲಿ ಪ್ರಶ್ನೆ ಒಂದೇ ಇದ್ದಂತೆ ಕಂಡರೂ ಒಳಗೆ ಮೂರು ಹೆಣೆದುಕೊಂಡಿವೆ. ನಾವು ಒಬ್ಬರಿಗೊಬ್ಬರು ಉಪಕಾರ ಮಾಡುತ್ತಿದ್ದೇವೋ ಅಪಕಾರವೋ ಎಂಬುದು ಒಂದು. ಡಾಕ್ಟರಲ್ಲದವರು ಇಂಥದ್ದಕ್ಕೆ ಕೈ ಹಾಕಬಹುದೇ ಎಂಬುದು ಇನ್ನೊಂದು. ಮೂರನೆಯದನ್ನು ನೀವು ಬರೆದಿಲ್ಲ, ಆದರೂ ನನಗೆ ಕೇಳಿಸಿತು: ಇವರೆಲ್ಲರ ಭಾರ ಹೊತ್ತು ನನ್ನದೇ ಕಾಯಿಲೆ ಮರುಕಳಿಸಿದರೆ?

ನಿಲ್ಲಿಸಬೇಡಿ. ಆದರೆ ಈಗ ನಡೆಸುವ ರೀತಿಯಲ್ಲೇ ನಡೆಸಲೂ ಬೇಡಿ.

ಮೊದಲು ಆ ಹುಡುಗನ ಸಂಗತಿ. ಅದು ಮುಂದಿನ ಭಾನುವಾರದವರೆಗೆ ಕಾಯುವಂಥದ್ದಲ್ಲ. ಇಂದೇ ಅವನಿಗೆ ಫೋನ್ ಮಾಡಿ, ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಈ ವಾರವೇ ಕಾಣಲು ಹೇಳಿ. ಅಷ್ಟರೊಳಗೆ ತಾನಾಗಿ ಮತ್ತೆ ನಾಲ್ಕನ್ನೂ ಒಟ್ಟಿಗೆ ನುಂಗುವುದೂ ಬೇಡ, ಮೊದಲು ಅವರನ್ನು ಕೇಳಲಿ. ಫ್ಲುಆಕ್ಸಿಟಿನ್, ಸರ್ಟ್ರಲಿನ್, ಫ್ಲುವಾಕ್ಸಮಿನ್‌ನಂಥ ಔಷಧಗಳನ್ನು ಖಿನ್ನತೆಗೂ ಕೊಡುತ್ತೇವೆ, ಗೀಳಿಗೂ ಕೊಡುತ್ತೇವೆ. ಗೀಳಿಗೆ ಸಾಮಾನ್ಯವಾಗಿ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ಗುಣ ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ನಿದ್ರೆಗೇಡು. ಕೆಲವು ವಾರ ಕಳೆದ ಮೇಲೆ, "ಬಿಟ್ಟರೂ ಏನೂ ಆಗಲಿಲ್ಲವಲ್ಲ" ಎಂದುಕೊಳ್ಳುವ ಹೊತ್ತಿಗೆ, ಹಳೆಯ ಗೀಳು ಬಾಗಿಲಲ್ಲಿ ನಿಂತಿರುತ್ತದೆ. ನಿಮ್ಮದು ಆರು ವರ್ಷ ಕಳೆದ ಮೇಲಿನ ಕಾಪಾಡುವ ಪ್ರಮಾಣ, ಅವನದು ಇನ್ನೂ ಏರುವ ಹಂತ. ಅಲ್ಲದೆ 50 ಮಿಲಿಗ್ರಾಂನ ನಾಲ್ಕು ಮಾತ್ರೆಯೂ 100 ಮಿಲಿಗ್ರಾಂನ ಎರಡು ಮಾತ್ರೆಯೂ ಒಂದೇ. ಮಾತ್ರೆಗಳನ್ನು ಎಣಿಸಿ ಯಾರ ರೋಗ ದೊಡ್ಡದು ಎಂದು ಅಳೆಯಲು ಬರುವುದಿಲ್ಲ. ಕೂಟದಲ್ಲಿ ಇಂದಿನಿಂದಲೇ ಒಂದು ಕಟ್ಟು ಮಾಡಿಕೊಳ್ಳಿ: ಔಷಧ ತೆಗೆದುಕೊಳ್ಳುವುದರ ಬೇಸರ, ನಾಚಿಕೆ, ಬಾಯಿ ಒಣಗುವ ಕಷ್ಟ ಎಲ್ಲವನ್ನೂ ಮಾತಾಡಬಹುದು; ಮಾತ್ರೆಯ ಹೆಸರು, ಎಣಿಕೆ, ಬಿಡಬೇಕೋ ಬೇಡವೋ ಎಂಬುದನ್ನು ಮಾತಾಡಬಾರದು.

ಇನ್ನು ಆ ಬಾಣಂತಿ. ನಿಮಗೆ ಮಾತು ಹೊರಡದಿದ್ದುದನ್ನು ನಾನು ತಪ್ಪೆನ್ನುವುದಿಲ್ಲ, ಆದರೆ ಆ ಮೌನ ಅವಳಿಗೆ ತೀರ್ಪಿನಂತೆ ಕೇಳಿಸಿರುತ್ತದೆ. "ನೋಡು, ಇವರಿಗೂ ನಾನು ರಾಕ್ಷಸಿಯಾಗಿ ಕಂಡೆ" ಎಂದುಕೊಂಡೇ ಮನೆಗೆ ಹೋಗಿರುತ್ತಾಳೆ. ಅವಳಿಗೆ ತಿಳಿಯಬೇಕಾದದ್ದು ಇಷ್ಟು. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಮನಶ್ಶಾಸ್ತ್ರಜ್ಞರು ಯಾವ ಕಾಯಿಲೆಯೂ ಇಲ್ಲದವರನ್ನು ವಿಚಾರಿಸಿದಾಗ, ಹತ್ತರಲ್ಲಿ ಸುಮಾರು ಎಂಟು ಮಂದಿ ತಮಗೂ ಬೇಡದ, ಹೇಸಿಗೆಯ, ಹಿಂಸೆಯ ಆಲೋಚನೆಗಳು ನುಗ್ಗಿ ಬರುತ್ತವೆ ಎಂದು ಒಪ್ಪಿಕೊಂಡರು. ಕಟ್ಟೆಯಿಲ್ಲದ ಬಾವಿಯ ಬಳಿ ಮಗುವನ್ನು ಎತ್ತಿಕೊಂಡು ನಿಂತವರಿಗೆ ಕ್ಷಣಕಾಲ ಎದೆ ಝಲ್ಲೆನ್ನುವುದುಂಟು. ಹೆಚ್ಚಿನವರು "ಥೂ, ಎಂಥ ಯೋಚನೆ" ಎಂದು ಕೊಡ ಎತ್ತಿಕೊಂಡು ಹೋಗುತ್ತಾರೆ. ಗೀಳು ಇರುವವರು ಅಲ್ಲೇ ನಿಂತು ವಿಚಾರಣೆ ಶುರು ಮಾಡುತ್ತಾರೆ: ಯಾಕೆ ಬಂತು? ನನ್ನೊಳಗೆ ಹಾಗಿದೆಯೇ? ನಾಳೆ ಮಾಡಿಬಿಟ್ಟರೆ? ಆಮೇಲೆ ಬಾವಿಯ ಕಡೆ ಹೋಗುವುದನ್ನು ಬಿಡುತ್ತಾರೆ, ಮಗುವನ್ನು ಅತ್ತೆಯ ಕೈಗೆ ಕೊಟ್ಟು ದೂರ ಕೂರುತ್ತಾರೆ. ಆ ಆಲೋಚನೆ ಅವಳನ್ನು ಅಷ್ಟು ಅಳಿಸುವುದು ಅವಳಿಗೆ ಅದು ಬೇಡವಾದ್ದರಿಂದ.

ಆದರೆ ಇದನ್ನು ಗೀಳು ಎಂದು ಖಚಿತಪಡಿಸುವ ಕೆಲಸ ಜಗಲಿಯದ್ದಲ್ಲ. ಬಾಣಂತನದಲ್ಲಿ ಬರುವ ಇನ್ನೊಂದು ಸ್ಥಿತಿ ಇದೆ. ಅದರಲ್ಲಿ ತಾಯಿ ದಿನಗಟ್ಟಲೆ ನಿದ್ರೆಯಿಲ್ಲದೆಯೂ ಚುರುಕಾಗಿ ಓಡಾಡುತ್ತಾಳೆ, ಇಲ್ಲದ ದನಿ ಕೇಳಿಸುತ್ತದೆ ಎನ್ನುತ್ತಾಳೆ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಹಿಡಿಯುತ್ತಾಳೆ, ಗೊಂದಲದಲ್ಲಿರುತ್ತಾಳೆ; ಆ ಆಲೋಚನೆ ಅವಳಿಗೆ ಹೆದರಿಕೆ ಹುಟ್ಟಿಸುವ ಬದಲು ಸರಿ ಎಂದೇ ತೋರುತ್ತದೆ. ಹಾಗೆ ಕಂಡರೆ ಮಗುವನ್ನು ಅವಳೊಬ್ಬಳ ಬಳಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಹಾಗಿಲ್ಲದಿದ್ದರೂ ಒಮ್ಮೆ ಮನೋವೈದ್ಯರು ಅವಳನ್ನು ನೋಡಲೇಬೇಕು. ನೀವು ಜೊತೆಗೆ ಹೋದರೆ ಅವಳು ಒಳಗೆ ಕೂತು ನಿಜ ಹೇಳಿಯಾಳು. ಒಬ್ಬಳೇ ಹೋದರೆ "ತಲೆನೋವು, ನಿದ್ರೆ ಇಲ್ಲ" ಎಂದಷ್ಟೇ ಹೇಳಿ ಬರುತ್ತಾಳೆ. ಇಷ್ಟು ವರ್ಷ ಮೇಜಿನ ಈ ಕಡೆ ಕೂತವನಿಗೆ ಅದು ಚೆನ್ನಾಗಿ ಗೊತ್ತು.

ನಮ್ಮ ಕಡೆ ಈ ಕಾಯಿಲೆಗೆ ಸರಿಯಾದ ಹೆಸರೇ ಇಲ್ಲದಿರುವುದು ಅರ್ಧ ತೊಂದರೆ. ಹೆಂಗಸಾದರೆ "ಅವಳಿಗೆ ಮಡಿ ಜಾಸ್ತಿ", ಗಂಡಸಾದರೆ "ಅವನದು ಸಂಶಯದ ಸ್ವಭಾವ", ಮುಸ್ಲಿಂ ಮನೆಗಳಲ್ಲಿ "ವಸ್‌ವಾಸ್". ಇನ್ನು ಕೆಲವರು ದೋಷವೇ ಇರಬೇಕೆಂದು ಜ್ಯೋತಿಷ್ಯರಲ್ಲಿ ಪ್ರಶ್ನೆ ಇರಿಸಿ, ಹೇಳಿದ ಪರಿಹಾರವನ್ನೆಲ್ಲ ಮಾಡಿ ಮುಗಿಸಿ, ಆಮೇಲೆ ನಮ್ಮಲ್ಲಿಗೆ ಬರುತ್ತಾರೆ. ಅಷ್ಟರಲ್ಲಿ ವರ್ಷಗಳು ಸಂದಿರುತ್ತವೆ. ಮಡಿಯೇ ಬೆಳೆದು ಗೀಳಾಗುತ್ತದೆ ಎನ್ನುವುದು ಸುಳ್ಳು. ಮಡಿಗೆ ಮುಗಿತಾಯವಿದೆ: ಮಿಂದು, ಮಡಿ ಉಟ್ಟು, ಪೂಜೆ ಆಯಿತೆಂದರೆ ಆಯಿತು. ಗೀಳಿಗೆ "ಆಯಿತು" ಎಂಬುದೇ ಇಲ್ಲ.

ಬಾಯಾರು ಕಡೆಯ ಒಬ್ಬ ಅಮ್ಮ ನನ್ನಲ್ಲಿಗೆ ಬರುತ್ತಿದ್ದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಮನೆಗೆ ಸುರಂಗದ ನೀರು. ಗುಡ್ಡದ ಹೊಟ್ಟೆಯಿಂದ ಅಡಿಕೆ ಮರದ ದಂಬೆಯಲ್ಲಿ ಹರಿದು ಬಂದು ಅಂಗಳದ ತೊಟ್ಟಿಗೆ ಬೀಳುತ್ತದೆ. ಏಪ್ರಿಲ್ ಬಂದರೆ ಆ ಧಾರೆ ಕಿರುಬೆರಳಿನಷ್ಟು. ಅದೇ ನೀರು ದನಗಳಿಗೂ ಬೇಕು, ಅಡಿಕೆ ಸಸಿಗೂ ಬೇಕು. ಇವರು ಹಟ್ಟಿಯಿಂದ ಬಂದು ಕೈಗೆ ಇಪ್ಪತ್ತೊಂದು ಚೆಂಬು ಹೊಯ್ದುಕೊಳ್ಳುತ್ತಿದ್ದರು. ಹದಿನೇಳಕ್ಕೆ ಯಾರಾದರೂ "ಅಮ್ಮಾ" ಎಂದು ಕರೆದರೆ ಎಣಿಕೆ ತಪ್ಪಿತು, ಮತ್ತೆ ಒಂದರಿಂದ. ಮಗ ಒಂದು ಬೇಸಿಗೆಯಲ್ಲಿ ಸಿಟ್ಟಿಗೆದ್ದು ತೊಟ್ಟಿಗೆ ಬೀಗದ ಮುಚ್ಚಳ ಮಾಡಿಸಿದ. ಅಮ್ಮ ನೆರೆಮನೆಯ ಬಾವಿಗೆ ಹೋಗತೊಡಗಿದರು. "ಕೊಳೆ ಹೋಗಿದೆ ಎಂದು ಕಣ್ಣಿಗೆ ಗೊತ್ತು ಡಾಕ್ಟರೇ, ಕೈಗೆ ಗೊತ್ತಾಗುವುದಿಲ್ಲ" ಎಂದರು ಒಂದು ದಿನ. ಈ ಕಾಯಿಲೆಯನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ಪಠ್ಯದಲ್ಲೂ ಓದಿಲ್ಲ.

ಮಿದುಳಿನ ಮುಂಭಾಗಕ್ಕೂ ಆಳದಲ್ಲಿರುವ ಕೆಲವು ನರಕೇಂದ್ರಗಳಿಗೂ ನಡುವೆ ಸುದ್ದಿ ಸುತ್ತುತ್ತಿರುತ್ತದೆ. "ಅಪಾಯ ಇರಬಹುದು, ನೋಡು" ಎಂಬ ಸುದ್ದಿ ಹೊರಟು, ನೋಡಿದ ಮೇಲೆ "ಸರಿಯಾಗಿದೆ, ಸಾಕು" ಎಂಬ ಸುದ್ದಿ ಬರಬೇಕು. ಗೀಳಿನಲ್ಲಿ ಆ ಸುತ್ತು ಮುಚ್ಚಿಕೊಳ್ಳುವುದಿಲ್ಲ; ಸಾಕು ಎಂಬುದು ಬಂದು ಮುಟ್ಟುವುದಿಲ್ಲ. ಸ್ವಲ್ಪ ಮಟ್ಟಿಗೆ ವಂಶದಲ್ಲಿ ಬರುತ್ತದೆ, ಹೆಚ್ಚಾಗಿ ಹದಿಹರೆಯ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ತಲೆದೋರುತ್ತದೆ, ಹೆರಿಗೆ, ಸಾವು, ಪರೀಕ್ಷೆಯಂಥ ಒತ್ತಡದಲ್ಲಿ ಕೆರಳುತ್ತದೆ. ಮನಸ್ಸು ಗಟ್ಟಿಯಿಲ್ಲದವರಿಗೆ ಬರುವ ರೋಗ ಎನ್ನುವುದು ಶುದ್ಧ ಸುಳ್ಳು. ದಿನಕ್ಕೆ ಐದು ಗಂಟೆ ಈ ಹಿಂಸೆ ತಡೆದುಕೊಂಡು, ಉಳಿದ ಹೊತ್ತಿನಲ್ಲಿ ಅಡಿಕೆ ಸುಲಿದು, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸುವವರ ಮನಸ್ಸು ಗಟ್ಟಿಯಲ್ಲದೆ ಇನ್ನೇನು?

ಯಾವ ವಿಷಯಕ್ಕೆ ಗೀಳು ಹಿಡಿಯುತ್ತದೆ ಎಂಬುದನ್ನು ಮಾತ್ರ ಊರು ಒದಗಿಸುತ್ತದೆ. ತೋಟಕ್ಕೆ ಮೈಲುತುತ್ತಿನ ಮದ್ದು ಬಿಡುವ ಮಳೆಗಾಲದಲ್ಲಿ ಅದರ ನೀಲಿ ಕಲೆಯ ಹೆದರಿಕೆ ಹೊತ್ತು ಬರುವವರನ್ನು ಕಂಡಿದ್ದೇನೆ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸುರಿದ ಎಣ್ಮಕಜೆಯಂಥ ಊರುಗಳ ಸಂಕಟ ನಿಜವಾದದ್ದು, ಅಲ್ಲಿನವರ ಅಂಜಿಕೆಗೆ ಕಾರಣವಿದೆ. ಆದರೆ ಆ ಅಂಜಿಕೆ ಸಿಂಪರಣೆ ನಿಂತು ಎರಡು ದಶಕಗಳ ಮೇಲೆ, ಮಂಗಳೂರಿನಲ್ಲಿ ಕೊಂಡ ನೋಟ್‌ಬುಕ್ಕಿನ ಹಾಳೆಗಳನ್ನೂ ಒಂದೊಂದಾಗಿ ಒರೆಸುವಂತೆ ಮಾಡಿದರೆ ಅದನ್ನು ಗೀಳು ಎನ್ನುತ್ತೇವೆ.

ಈಗ ನಿಮ್ಮ ಗ್ಯಾಸಿನ ಫೋನಿಗೆ ಬರೋಣ. ನಿಮ್ಮ ಕೂಟದ ಗಂಟಲು ಹಿಡಿದಿರುವುದು ಅದೇ.

ಬೇರೆ ಯಾವ ದುಃಖದಲ್ಲೂ ಸಮಾಧಾನ ಹೇಳುವುದು ಪುಣ್ಯದ ಕೆಲಸ. ಗೀಳಿನಲ್ಲಿ ಮಾತ್ರ ಅದು ಕಾಯಿಲೆಗೆ ಮೇವು. "ಬಂದ್ ಮಾಡಿದ್ದೀ" ಎಂದು ನೀವು ಹೇಳಿದೊಡನೆ ಅವಳ ಎದೆಬಡಿತ ಇಳಿಯುತ್ತದೆ. ಆ ಇಳಿತವೇ ಬಹುಮಾನ. ಭಯ ಬಂದಾಗ ಟೀಚರಿಗೆ ಫೋನ್ ಮಾಡಿದರೆ ಹೋಗುತ್ತದೆ ಎಂದು ಮಿದುಳು ಕಲಿಯಿತು. ತಾನೇ ತಡೆದುಕೊಂಡರೂ ಹೋಗುತ್ತದೆ ಎಂಬುದನ್ನು ಕಲಿಯುವ ಅವಕಾಶ ತಪ್ಪಿತು. ಸ್ವಲ್ಪ ಹೊತ್ತಿನಲ್ಲಿ "ಟೀಚರ್ ನೋಡಿಯೇ ಇಲ್ಲವಲ್ಲ, ಅವರಿಗೆ ಹೇಗೆ ಗೊತ್ತು?" ಎಂಬ ಮರಿ ಸಂಶಯ ಹುಟ್ಟುತ್ತದೆ. ಅದು ನ್ಯಾಯವಾದ ಸಂಶಯವೇ ಅನ್ನಿ! ಮತ್ತೆ ಫೋನ್. ಬ್ಯಾಂಕಿನಲ್ಲಿ ಬೇರೆಯವರ ಸಾಲಕ್ಕೆ ಜಾಮೀನು ನಿಂತವರ ಕಥೆ ನಿಮಗೆ ಗೊತ್ತಿದೆ. ಇಲ್ಲಿಯೂ ಅದೇ. ಅವಳ ಸಂಶಯಕ್ಕೆ ನೀವು ಜಾಮೀನು ಸಹಿ ಹಾಕುತ್ತಿದ್ದೀರಿ, ಬಡ್ಡಿ ಇಬ್ಬರ ಮೇಲೂ ಏರುತ್ತಿದೆ. ಮನೆಯವರೂ ಇದನ್ನೇ ಮಾಡುತ್ತಾರೆ. ಹೆಂಡತಿಯ ಪರವಾಗಿ ಬೀಗ ಎಳೆದು ನೋಡಿ, ಅದರ ಫೋಟೋ ತೆಗೆದು ದಿನವೂ ಕಳಿಸುತ್ತಿದ್ದ ಒಬ್ಬರ ಮೊಬೈಲಿನಲ್ಲಿ ಬೀಗದ ಫೋಟೋಗಳೇ ಸಾವಿರದ ಮೇಲಿದ್ದವು. "ನಿನ್ನೆಯದನ್ನೇ ಕಳಿಸಿದ್ದೀರೇನೋ" ಎಂಬ ಅನುಮಾನ ಶುರುವಾದ ಮೇಲೆ ದಂಪತಿ ನನ್ನಲ್ಲಿಗೆ ಬಂದರು.

ಹಾಗೆಂದು ನಾಳೆ ಬೆಳಿಗ್ಗೆ ಅವಳ ಫೋನ್ ಎತ್ತದೆ ಇರಬೇಡಿ. ಅದು ಕ್ರೌರ್ಯವಾಗುತ್ತದೆ. ಮೊದಲು ಮುಖಾಮುಖಿ ಕೂತು, ಇದು ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿ, ಅವಳ ಒಪ್ಪಿಗೆ ಪಡೆಯಿರಿ. ಆಮೇಲೆ ಮಾತು ಹೀಗೆ ಸಾಗಬಹುದು:

"ಟೀಚರೇ, ಗ್ಯಾಸ್ ಬಂದ್ ಮಾಡಿದ್ದೇನೆ ಅಲ್ಲವೇ?"

"ಇದು ಗೀಳಿನ ಪ್ರಶ್ನೆ. ಉತ್ತರ ಕೊಡುವುದಿಲ್ಲ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ತುಂಬಾ ಹೆದರಿಕೆಯಾಗುತ್ತಿದೆಯೇ?"

"ಹೌದು. ಕೈ ನಡುಗುತ್ತಿದೆ."

"ಎಲ್ಲಿದ್ದೀ?"

"ಬಸ್‌ಸ್ಟ್ಯಾಂಡಿನಲ್ಲಿ. ಹಿಂದೆ ಹೋಗಲೇ?"

"ಕುಂಬಳೆಯ ಬಸ್ ಹತ್ತು. ಇಳಿದ ಮೇಲೆ ಹೆದರಿಕೆ ಎಷ್ಟಿದೆ ಎಂದು ಹೇಳು. ಗ್ಯಾಸಿನ ಸುದ್ದಿ ಬೇಡ."

ಇಲ್ಲಿ ನೀವು ಅವಳನ್ನು ಕೈಬಿಟ್ಟಿಲ್ಲ, ಸುಳ್ಳೂ ಹೇಳಿಲ್ಲ. ಒಂದು ವಾರ ಅವಳು ನಿಮ್ಮ ಮೇಲೆ ಮುನಿಸಿಕೊಳ್ಳುತ್ತಾಳೆ, ಫೋನುಗಳು ಮೊದಲು ಹೆಚ್ಚಾಗಿ ಆಮೇಲೆ ಇಳಿಯುತ್ತವೆ. ಅಷ್ಟಕ್ಕೆ ತಯಾರಾಗಿರಿ. ಔಷಧದಷ್ಟೇ ಬೆಲೆಯಿರುವ ಚಿಕಿತ್ಸೆಯ ತಿರುಳೂ ಇದೇ: ಹೆದರಿಕೆಗೆ ಬೇಕೆಂದೇ ಎದುರಾಗುವುದು, ಅದನ್ನು ತಣಿಸುವ ಕ್ರಿಯೆಯನ್ನು ತಡೆಯುವುದು. 1966ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಇದನ್ನು ಮೊದಲು ಪ್ರಕಟಿಸಿದಾಗ ಅದು ಆಸ್ಪತ್ರೆಯ ವಾರ್ಡಿನೊಳಗೆ ನರ್ಸುಗಳ ಕಾವಲಿನಲ್ಲಿ ನಡೆದ ಕೆಲಸ. ನಮ್ಮ ಬಾಯಾರಿನ ಅಮ್ಮನ ಮಗ ತೊಟ್ಟಿಗೆ ಬೀಗ ಹಾಕಿದ್ದೂ ನೋಡುವುದಕ್ಕೆ ಅದೇ, ಆದರೆ ಗುಣವಾಗಲಿಲ್ಲ. ಅಮ್ಮ ಒಪ್ಪಿರಲಿಲ್ಲ, ಅವನು ಜೊತೆಗೆ ಕೂತಿರಲಿಲ್ಲ.

ಹೊಸ ಹೆದರಿಕೆ ಕಲಿತು ಬರುತ್ತಾಳೆ ಎಂಬ ದೂರಿನಲ್ಲಿ ಅರ್ಧ ಸತ್ಯವಿದೆ. ಕಾಯಿಲೆ ನೆಗಡಿಯಂತೆ ಅಂಟುವುದಿಲ್ಲ. ಆದರೆ ಒಬ್ಬರು ತಮ್ಮ ಭಯವನ್ನು ಎಳೆ ಎಳೆಯಾಗಿ ಬಿಡಿಸಿ ಹೇಳಿದರೆ ಪಕ್ಕದವರ ಮಿದುಳು "ಅರೆ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ" ಎಂದು ಒಂದೆರಡು ದಿನ ಅದನ್ನು ಮೆಲ್ಲುವುದುಂಟು. ಹಾಗಾಗಿ ಏನು ಹೆದರಿಕೆ ಎಂಬುದಕ್ಕೆ ಎರಡು ಮಾತು ಸಾಕು. ಅದನ್ನು ಹೇಗೆ ಎದುರಿಸಿದೆ ಎಂಬುದಕ್ಕೆ ಎಷ್ಟು ಹೊತ್ತಾದರೂ ಕೊಡಿ. ಅಂಗಶುದ್ಧಿಯ ಆ ಸಹೋದರಿ ತನ್ನ ಉಸ್ತಾದರನ್ನು ಒಮ್ಮೆ ಕೇಳಲಿ. ಖಚಿತವಾದದ್ದು ಸಂಶಯದಿಂದ ಅಳಿಯುವುದಿಲ್ಲ ಎಂಬ ಸೂತ್ರ ಇಸ್ಲಾಮೀ ಧರ್ಮಶಾಸ್ತ್ರದಲ್ಲೇ ಇದೆ, ತಿಳಿದವರು ಅದನ್ನು ಹೇಳುತ್ತಾರೆ. ಒಮ್ಮೆ ಮಾತ್ರ. ದಿನವೂ ಕೇಳತೊಡಗಿದರೆ ಉಸ್ತಾದರೂ ನಿಮ್ಮ ಹಾಗೆ ಜಾಮೀನುದಾರರಾಗುತ್ತಾರೆ. ಭಟ್ಟರಲ್ಲಿ ಮೈಲಿಗೆ ವಿಚಾರಿಸುವವರಿಗೂ, ಇಗರ್ಜಿಯಲ್ಲಿ ಅದೇ ಪಾಪವನ್ನು ವಾರವಾರವೂ ನಿವೇದಿಸುವವರಿಗೂ ಇದೇ ಮಾತು.

ನಿಮ್ಮ ಯಜಮಾನರ ಗಾದೆಯ ಬಗ್ಗೆ ಒಂದು ಮಾತು. ಡಾಕ್ಟರಲ್ಲದವರು ಕೈ ಹಾಕಬಾರದು ಎಂದಿದ್ದರೆ ನಮ್ಮ ಕೇರಳದಲ್ಲಿ ಮನೆಮನೆಗೆ ಹೋಗಿ ಗುಣವಾಗದ ರೋಗಿಗಳನ್ನು ನೋಡಿಕೊಳ್ಳುವ ಸಾಂತ್ವನ ಆರೈಕೆ ಹುಟ್ಟುತ್ತಲೇ ಇರಲಿಲ್ಲ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಶುರುವಾದ ಆ ಕೆಲಸವನ್ನು ಊರೂರಿಗೆ ಹೊತ್ತವರು ತರಬೇತಿ ಪಡೆದ ನೆರೆಹೊರೆಯವರು. ಗೀಳಿಗೂ ಇಂಥ ಮಾದರಿ ಇದೆ. 1981ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮನಶ್ಶಾಸ್ತ್ರಜ್ಞ ಜೊನಾಥನ್ ಗ್ರೇಸನ್ ಮೊದಲಾದವರು 'ಗೋಲ್' ಎಂಬ ಹೆಸರಿನಲ್ಲಿ ಇಂಥ ಗುಂಪು ಕಟ್ಟಿದರು. ಹೆಸರೇ ಹೇಳುವಂತೆ, ಪ್ರತಿಯೊಬ್ಬರೂ ಮುಂದಿನ ಸಭೆಯೊಳಗೆ ಮಾಡಬೇಕಾದ ಒಂದು ಗುರಿಯನ್ನು ಇಟ್ಟುಕೊಂಡು ಮನೆಗೆ ಹೋಗುತ್ತಾರೆ. ಬರೀ ಕಷ್ಟ ಹಂಚಿಕೊಳ್ಳುವ ಕೂಟ ಕೆಲವು ತಿಂಗಳಲ್ಲಿ ಗೋಳಿನ ಕಟ್ಟೆಯಾಗುತ್ತದೆ. ಗುರಿ ಇದ್ದರೆ ಕೆಲಸದ ಮನೆಯಾಗುತ್ತದೆ.

ಕೆಲವು ವರ್ಷಗಳ ಹಿಂದೆ ಇದೇ ಜಿಲ್ಲೆಯ ಒಂದು ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಅಂಥ ಸಣ್ಣ ಕೂಟಕ್ಕೆ ನಾನು ಹೋಗಿ ಕೂರುತ್ತಿದ್ದೆ. ಒಬ್ಬ ತರುಣ, ಊರಿನವರೆಲ್ಲ ಮುಟ್ಟುವ ವಸ್ತು ಎಂದರೆ ಅವನಿಗೆ ಕೈ ಉರಿಯುತ್ತಿತ್ತು. ಅವತ್ತಿನ ಅವನ ಗುರಿ, ಗ್ರಂಥಾಲಯದ ರಿಜಿಸ್ಟರಿಗೆ ದಾರ ಕಟ್ಟಿ ನೇತುಹಾಕಿದ್ದ ಪೆನ್ನಿನಲ್ಲಿ ತನ್ನ ಹೆಸರು ಬರೆಯುವುದು. ಪೆನ್ನಿನ ಹಿಂಬದಿಯನ್ನು ಯಾರೋ ಕಚ್ಚಿಬಿಟ್ಟಿದ್ದರು, ದಾರ ಎಣ್ಣೆಗಪ್ಪಾಗಿತ್ತು. ಬರೆದ. ಬಂದು ಕೂತು, ಕೈಯನ್ನು ಮೈಯಿಂದ ದೂರ ಹಿಡಿದುಕೊಂಡ. ಅವನ ಮುಂದೆ ನೇಂದ್ರಬಾಳೆಯ ಚಿಪ್ಸ್ ತಟ್ಟೆ. ಯಾರೂ "ಏನೂ ಆಗುವುದಿಲ್ಲ" ಎನ್ನಲಿಲ್ಲ. ಎನ್ನಬಾರದು ಎಂದು ಕಲಿತಿದ್ದರು. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, ಅವರೂ ಮೂವತ್ತು ವರ್ಷ ಟಪಾಲು ಚೀಲವನ್ನು ಎಣಿಸಿ ಎಣಿಸಿ ಸೋತವರೇ, "ಹತ್ತರಲ್ಲಿ ಎಷ್ಟು?" ಎಂದು ಕೇಳಿದರು. "ಒಂಬತ್ತು." ಮಾತು ಬೇರೆಲ್ಲಿಗೋ ಹೋಯಿತು, ಅಡಿಕೆ ಧಾರಣೆ, ಯಾರದೋ ಮಗಳ ಮದುವೆ. "ಈಗ?" "ಏಳೂವರೆ." ಕರೆಂಟು ಹೋಗಿ ಬಂತು. "ಈಗ?" ಅವನು ಉತ್ತರ ಹೇಳದೆ ಒಂದು ಚಿಪ್ಸ್ ತೆಗೆದು ಬಾಯಿಗೆ ಹಾಕಿಕೊಂಡ. ಪೋಸ್ಟ್‌ಮ್ಯಾನ್ ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನೇ ನನ್ನ ಕೋಣೆಯಲ್ಲಿ ನಾನು ಮಾಡಿಸಬಲ್ಲೆ, ಆದರೆ ಅವನ ಪಕ್ಕದಲ್ಲಿ ನಾನು ಪೋಸ್ಟ್‌ಮ್ಯಾನ್ ಆಗಲಾರೆ.

ಗುರಿ ಮಾತ್ರ ಸಣ್ಣದಿರಲಿ, ಹೆದರಿಕೆ ಇರುವವರೇ ಆರಿಸಲಿ. ಹತ್ತರಲ್ಲಿ ನಾಲ್ಕೈದರಷ್ಟು ಕಷ್ಟದ್ದು ಸಾಕು. ಯಾರನ್ನೂ ಹುರಿದುಂಬಿಸಿ ಹಳ್ಳಕ್ಕೆ ತಳ್ಳಬೇಡಿ. ಬಾವಿಯ ಆಲೋಚನೆಯ ಬಾಣಂತಿಯ ವಿಷಯದಲ್ಲಿ ಕೂಟ ಯಾವ ಗುರಿಯನ್ನೂ ಕೊಡಬಾರದು. ಅದು ತರಬೇತಿ ಇದ್ದವರ ಕೆಲಸ.

ಗಡಿನಾಡಿನಲ್ಲಿ ನಿಮ್ಮಂಥ ಕೂಟಕ್ಕೆ ಇನ್ನೊಂದು ಬೆಲೆಯಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ಕುಗಳು ನಮ್ಮಲ್ಲಿವೆ, ಆದರೆ ಅಲ್ಲಿ ನಡೆಯುವ ಮಾತು ಹೆಚ್ಚಾಗಿ ಮಲಯಾಳ. ಅಂಗಡಿಗೆ, ಬಸ್ಸಿಗೆ, ವಿಲ್ಲೇಜ್ ಆಫೀಸಿಗೆ ನಮ್ಮ ಮಲಯಾಳ ಸಾಕಾಗುತ್ತದೆ. "ದೇವರ ಮುಂದೆ ನಿಂತಾಗ ಕೆಟ್ಟ ಬೈಗುಳ ಬರುತ್ತದೆ" ಎಂದು ಹೇಳಿಕೊಳ್ಳಲು ತಾಯಿಭಾಷೆಯೇ ಬೇಕು, ಅದರಲ್ಲೂ ಬಾಯಿ ತಡವರಿಸುತ್ತದೆ. ಆದ್ದರಿಂದ ಜನ ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ದಾರಿ ಎಷ್ಟು ಸಪೂರ ಎಂದು ನಾವೆಲ್ಲ ಕಂಡೆವು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಗೀಳಿನ ಪ್ರಮಾಣ ಸುಮಾರು ಶೇ. 0.8. 2011ರ ಜನಗಣತಿಯಂತೆ 13 ಲಕ್ಷ ಜನರಿರುವ ನಮ್ಮ ಜಿಲ್ಲೆಗೆ ಅದನ್ನು ಹಚ್ಚಿ ನೋಡಿ, ಸಾವಿರಗಟ್ಟಲೆ ಮಂದಿಯಾಗುತ್ತಾರೆ. ನಿಮ್ಮ ಜಗಲಿಯಲ್ಲಿ ಇರುವುದು ಐವರು.

ಅಪಾಯಗಳನ್ನೂ ಹೇಳಿಬಿಡುತ್ತೇನೆ. ಗುಟ್ಟು ಕಾಯುವುದು ಮೊದಲನೆಯದು. 2017ರ ಮಾನಸಿಕ ಆರೋಗ್ಯ ಕಾಯ್ದೆ ನನ್ನ ಬಾಯಿಯನ್ನು ಕಟ್ಟಿದೆ. ನಿಮ್ಮ ಕೂಟಕ್ಕೆ ಕೊಟ್ಟ ಮಾತೊಂದೇ ಕಟ್ಟು. ಹುಡುಗಿ ನೋಡಲು ಬರುವವರು ಮೂರು ಮನೆ ಆಚೆ ವಿಚಾರಿಸುವ ಊರು ನಮ್ಮದು. ಜಗಲಿ ರಸ್ತೆಗೆ ಕಾಣುವಂತಿದ್ದರೆ ಒಳಕೋಣೆಗೆ ಬದಲಾಯಿಸಿ. ವಾಟ್ಸ್‌ಆ್ಯಪ್ ಗುಂಪು ಇದ್ದರೆ ಅದು ಸಭೆಯ ದಿನ, ಹೊತ್ತು ತಿಳಿಸುವುದಕ್ಕಷ್ಟೇ ಇರಲಿ. ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ಒಬ್ಬರು ಸಂಶಯ ಹಾಕುತ್ತಾರೆ, ನಾಲ್ವರು ಸಮಾಧಾನ ಹೇಳುತ್ತಾರೆ, ನೀಲಿ ಗೆರೆ ಬಂದೂ ಉತ್ತರ ಬರದಿದ್ದರೆ ಅದೇ ಹೊಸ ಗೀಳು. ಸಾಯುವ ಮಾತು ಯಾರ ಬಾಯಲ್ಲಿ ಬಂದರೂ, ತಮಾಷೆಗೆ ಎಂದರೂ, ಅದು ಕೂಟದ ಗುಟ್ಟಲ್ಲ. ಆ ದಿನವೇ ಮನೆಯವರಿಗೂ ವೈದ್ಯರಿಗೂ ತಿಳಿಸಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಆ ಸಂಖ್ಯೆಯನ್ನು ಐವರೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ಕೂಟವನ್ನು ಮುಚ್ಚುವುದು ಸುಲಭ, ಆದರೆ ಆ ಹುಡುಗ ಮತ್ತೆ ಅಂಗಿಯ ತೋಳಿನೊಳಗೆ ಕೈ ಮುಚ್ಚಿಕೊಳ್ಳುತ್ತಾನೆ. ಹೀಗೆಯೇ ಮುಂದುವರಿಸಿದರೆ ಇನ್ನಾರು ತಿಂಗಳಲ್ಲಿ ನೀವು ಸುಸ್ತಾಗಿ ಅದು ತಾನಾಗಿಯೇ ಮುಚ್ಚುತ್ತದೆ. ನಾನು ಹೇಳುವುದು, ಒಬ್ಬ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಎರಡು ತಿಂಗಳಿಗೊಮ್ಮೆ ಬಂದು ಕೂರುವಂತೆ ಕೇಳಿಕೊಳ್ಳಿ. ನಿಮ್ಮ ಮಂಗಳೂರಿನ ವೈದ್ಯರಿಂದಲೇ ಶುರು ಮಾಡಿ, ಬರಲಾಗದಿದ್ದರೆ ವಿಡಿಯೊ ಕರೆಯಾದರೂ ಆದೀತು. ಕೂಟಕ್ಕೆ ಬರುವ ಪ್ರತಿಯೊಬ್ಬರಿಗೂ ಬೇರೆ ಚಿಕಿತ್ಸೆ ನಡೆಯುತ್ತಿರಬೇಕು ಎಂಬುದನ್ನು ಷರತ್ತಾಗಿಸಿ. ಎಂಟು ಮಂದಿಗಿಂತ ಹೆಚ್ಚಾದರೆ ಎರಡು ಮಾಡಿ.

ಇನ್ನು ನೀವು ಬರೆಯದ ಪ್ರಶ್ನೆ. ಹೌದು, ಮರುಕಳಿಸಬಹುದು. ಕೂಟ ಇಲ್ಲದಿದ್ದರೂ ಮರುಕಳಿಸಬಹುದಾದ ಕಾಯಿಲೆ ಇದು. ಆದರೆ ನಿಮ್ಮ ವಿಷಯದಲ್ಲಿ ನಾನು ಗಮನಿಸಿದ ಒಂದು ಸಂಗತಿಯಿದೆ: ಐವರಲ್ಲಿ ನೀವೊಬ್ಬರೇ ನಿಮ್ಮ ಈಗಿನ ಗೀಳಿನ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಹಳೆಯ ವಿದ್ಯಾರ್ಥಿಯ ಮುಂದೆ ಟೀಚರಾಗಿಯೇ ಕೂತಿದ್ದೀರಿ. ಮುಂದಿನ ಸಭೆಯನ್ನು ಬೇರೆ ಯಾರಾದರೂ ನಡೆಸಲಿ, ಸರದಿಯಂತೆ. ನೀವೂ ಒಂದು ಗುರಿ ಇಟ್ಟುಕೊಳ್ಳಿ, ಅವರೆದುರೇ. ಉಳಿದಂತೆ ರಾತ್ರಿ ಎಂಟರ ಮೇಲೆ ಫೋನ್ ಎತ್ತುವುದಿಲ್ಲ ಎಂದು ಎಲ್ಲರಿಗೂ ತಿಳಿಸಿ, ನಿಮ್ಮ ಮಾತ್ರೆ ಮತ್ತು ಆರು ತಿಂಗಳ ತಪಾಸಣೆ ತಪ್ಪಿಸಬೇಡಿ. ಯಜಮಾನರನ್ನು ಮನೆಯವರಿಗಾಗಿಯೇ ನಡೆಸುವ ಒಂದು ಸಭೆಗೆ ಕರೆಯಿರಿ. ಗ್ಯಾಸಿನಾಕೆಯ ಗಂಡ, ಅಂಗಶುದ್ಧಿಯ ಸಹೋದರಿಯ ಅತ್ತೆ, ಹುಡುಗನ ತಂದೆ ಎಲ್ಲರೂ ಬರಲಿ. ಹದಿನಾಲ್ಕು ವರ್ಷ ನಿಮ್ಮ ಗೀಳಿನ ಜೊತೆ ಸಂಸಾರ ಮಾಡಿದವರು ಅವರು. ಎಷ್ಟು ಸಲ ಜಾಮೀನು ನಿಂತಿದ್ದರು, ಯಾವಾಗ ನಿಲ್ಲಿಸಿದರು, ಆ ದಿನ ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ.